ಮರಳಿ ಕೊಂಡ ಕಾರುಗಳು ಹೋದದ್ದೆಲ್ಲಿಗೆ?

ಹಳೆಯದಾದ, ಕೆಟ್ಟ, ಬೇಡವಾದ ವಸ್ತುವನ್ನು ನಾವು 'ಎಸೆದುಬಿಟ್ಟೆವು' ಎನ್ನುತ್ತೇವೆ. ಆದರೆ ಎಸೆಯುವುದಕ್ಕೆಂದೇ ಮೀಸಲಾದ ಜಾಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಎಸೆದದ್ದೆಲ್ಲವೂ ಯಾರದೋ ನೆಲದ ಮೇಲೆ, ಯಾರೋ ಕುಡಿಯುವ ನೀರಿನಲ್ಲಿ, ಯಾರೋ ಉಸಿರಾಡುವ ಗಾಳಿಯಲ್ಲಿ ಇದ್ದೇ ಇರುತ್ತದೆ. ಮಲೆನಾಡಿನ ಹಳೆಯ ಬದುಕಿನಲ್ಲಿ ಪ್ರತಿಯೊಂದು ವಸ್ತುವಿಗೂ ಗೊತ್ತಾದ ಕೊನೆಯಿತ್ತು. ಸವೆದ ಗುಳ ಕುಲುಮೆಗೆ ಹೋಗಿ ಕತ್ತಿಯಾಗುತ್ತಿತ್ತು. ಮುರಿದ ನೊಗ ಒಲೆ ಸೇರುತ್ತಿತ್ತು. ಕೊಟ್ಟಿಗೆಗೆ ಹಾಸಿದ ಸೊಪ್ಪು ಗೊಬ್ಬರವಾಗಿ ಗದ್ದೆಗೆ ಮರಳುತ್ತಿತ್ತು. ಕಾರ್ಖಾನೆಯಲ್ಲಿ ಹುಟ್ಟುವ ವಸ್ತುಗಳಿಗಾದರೋ ಹುಟ್ಟಿನ ದಿನಾಂಕವಿದೆ, ಬೆಲೆಯಿದೆ, ಬಣ್ಣದ ಜಾಹೀರಾತಿದೆ. ಕೊನೆಯ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ.

ಈ ಲೆಕ್ಕವನ್ನು ನ್ಯಾಯಾಲಯವೊಂದು ಒತ್ತಾಯದಿಂದ ಬರೆಸಿದ ಪ್ರಸಂಗವೊಂದಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಅಮೆರಿಕದಲ್ಲಿ ತಾನು ಮಾರಿದ್ದ ಲಕ್ಷಾಂತರ ಡೀಸೆಲ್ ಕಾರುಗಳನ್ನು ತಾನೇ ಹಣ ಕೊಟ್ಟು ಮರಳಿ ಕೊಳ್ಳಬೇಕಾಯಿತು. ಕಂಪನಿಯ ಮೋಸದ ಕಥೆಯನ್ನು ಪತ್ರಿಕೆಗಳು ವಿವರವಾಗಿ ಬರೆದಿವೆ. ಮರಳಿ ಬಂದ ಕಾರುಗಳು ಮುಂದೆ ಏನಾದವು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಗುಡ್ಡಗಾಡಿನ ಹಳ್ಳಿಗಳಲ್ಲಿ ಬದುಕುವ ನಮಗೆ ಹೆಚ್ಚು ಸಂಬಂಧಿಸಿದ್ದು ಈ ಎರಡನೆಯ ಭಾಗವೇ. ಏಕೆಂದರೆ ನಗರಕ್ಕೆ ಬೇಡವಾದ ವಾಹನಗಳು ಕೊನೆಗೆ ಏರಿ ಬರುವುದು ನಮ್ಮಂಥವರ ಊರಿನ ರಸ್ತೆಗೇ.

ಯಂತ್ರದೊಳಗಿನ ಮೋಸ

2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಫೋಕ್ಸ್‌ವ್ಯಾಗನ್‌ಗೆ ನೋಟೀಸು ನೀಡಿತು. 2009ರಿಂದ 2015ರವರೆಗಿನ ಮಾದರಿಯ, 2 ಲೀಟರ್ ಡೀಸೆಲ್ ಎಂಜಿನ್ನಿನ ಕಾರುಗಳಲ್ಲಿ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವನ್ನು ಅಡಗಿಸಿಡಲಾಗಿದೆ ಎಂಬುದು ಆರೋಪ. ಜಗತ್ತಿನಾದ್ಯಂತ ಇಂಥ ಕಾರುಗಳ ಸಂಖ್ಯೆ ಸುಮಾರು 1 ಕೋಟಿ 10 ಲಕ್ಷ ಎಂದು ಕಂಪನಿಯೇ ಕೆಲವೇ ದಿನಗಳಲ್ಲಿ ಒಪ್ಪಿಕೊಂಡಿತು.

ಈ ವಂಚನೆ ನಡೆದ ಬಗೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಡೀಸೆಲ್ ಎಂಜಿನ್ನಿನೊಳಗೆ ಅತಿಯಾಗಿ ಒತ್ತಿದ ಗಾಳಿಯಲ್ಲಿ ಇಂಧನ ಉರಿದಾಗ ಉಂಟಾಗುವ ಬಿಸಿಗೆ ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕಗಳು ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶವನ್ನು ಕೆರಳಿಸುತ್ತವೆ. ಬಿಸಿಲಿನಲ್ಲಿ ಇತರ ಅನಿಲಗಳೊಡನೆ ಬೆರೆತು ನೆಲಮಟ್ಟದ ಓಝೋನ್ ಆಗುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳಾಗಿಯೂ ಮಾರ್ಪಡುತ್ತವೆ. ಇವುಗಳನ್ನು ತಡೆಯಲು ಕೆಲವು ಕಾರುಗಳಲ್ಲಿ ಅನಿಲವನ್ನು ಹಿಡಿದಿಡುವ ಬಲೆಯಂಥ ಸಾಧನವಿತ್ತು. ಮತ್ತೆ ಕೆಲವುಗಳಲ್ಲಿ ಹೊಗೆಗೆ ಯೂರಿಯಾ ದ್ರಾವಣವನ್ನು ಸಿಂಪಡಿಸುವ ವ್ಯವಸ್ಥೆಯಿತ್ತು. ನಾವು ಗದ್ದೆಗೆ ಎರಚುವ ಯೂರಿಯಾವೇ ಶುದ್ಧ ನೀರಿನಲ್ಲಿ ಕರಗಿ ಹೊಗೆಯೊಳಗೆ ಬಿದ್ದಾಗ ಆ ಆಕ್ಸೈಡುಗಳನ್ನು ಮತ್ತೆ ಸಾರಜನಕವಾಗಿ, ನೀರಾಗಿ ಒಡೆಯುತ್ತದೆ. ಇಂದು ನಮ್ಮ ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಲಾರಿಗಳಿಗೆಂದು ಬಕೆಟ್ಟುಗಳಲ್ಲಿ ಮಾರುವ ದ್ರಾವಣವೂ ಇದೇ.

ಫೋಕ್ಸ್‌ವ್ಯಾಗನ್‌ನ ತಂತ್ರಾಂಶವು ಸ್ಟೇರಿಂಗ್ ಚಕ್ರ ತಿರುಗುತ್ತಿದೆಯೇ, ವೇಗ ಹೇಗಿದೆ, ಎಂಜಿನ್ ಎಷ್ಟು ಹೊತ್ತು ಓಡಿದೆ, ಗಾಳಿಯ ಒತ್ತಡ ಎಷ್ಟಿದೆ ಎಂಬುದನ್ನೆಲ್ಲ ಗಮನಿಸಿ, ಕಾರು ಪ್ರಯೋಗಾಲಯದ ಉರುಳೆಗಳ ಮೇಲಿದೆಯೋ ನಿಜವಾದ ರಸ್ತೆಯ ಮೇಲಿದೆಯೋ ಎಂದು ಊಹಿಸುತ್ತಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ತಿಳಿದೊಡನೆ ಮಾಲಿನ್ಯ ತಡೆಯುವ ವ್ಯವಸ್ಥೆಯನ್ನು ಪೂರ್ತಿಯಾಗಿ ನಡೆಸುತ್ತಿತ್ತು; ರಸ್ತೆಗಿಳಿದೊಡನೆ ಸಡಿಲಗೊಳಿಸುತ್ತಿತ್ತು. ಪರಿಣಾಮವಾಗಿ ರಸ್ತೆಯ ಮೇಲೆ ಕಾನೂನಿನ ಮಿತಿಯ 40 ಪಟ್ಟಿನವರೆಗೂ ಆಕ್ಸೈಡುಗಳು ಹೊರಬೀಳುತ್ತಿದ್ದವು. ಮೇಲಧಿಕಾರಿ ಬಂದ ದಿನ ಮಾತ್ರ ಬಾಗಿಲು ತೆರೆಯುವ ನ್ಯಾಯಬೆಲೆ ಅಂಗಡಿಯ ಹಾಗೆ!

ಏರುದಾರಿಯಲ್ಲಿ ಬಯಲಾದ ಸತ್ಯ

ಈ ಮೋಸವನ್ನು ಹೊರಗೆಡಹಿದ್ದು ದೊಡ್ಡ ತನಿಖಾ ಸಂಸ್ಥೆಯಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ಸಂಶೋಧನಾ ತಂಡ. ಡ್ಯಾನ್ ಕಾರ್ಡರ್ ಅವರ ನೇತೃತ್ವದ ಈ ತಂಡದಲ್ಲಿ ಅರವಿಂದ್ ತಿರುವೇಂಗಡಂ, ಮಾರ್ಕ್ ಬೆಶ್ ಅವರೊಡನೆ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಅವರೂ ಇದ್ದರು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಸ್ವಚ್ಛ ಸಾರಿಗೆಯ ಕುರಿತು ಕೆಲಸ ಮಾಡುವ ಅಂತರರಾಷ್ಟ್ರೀಯ ಮಂಡಳಿಯೊಂದರ ಅಲ್ಪ ಧನಸಹಾಯದಿಂದ ಅವರು ಮಾಪಕ ಯಂತ್ರಗಳನ್ನು ಕಾರಿನ ಹಿಂಭಾಗದಲ್ಲೇ ಕಟ್ಟಿ ರಸ್ತೆಗಿಳಿದರು. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿ ಓಡಿಸಿದ್ದಲ್ಲದೆ, ಪಾಸಾಟ್ ಕಾರನ್ನು ಸಿಯಾಟಲ್‌ವರೆಗೆ ಕೊಂಡೊಯ್ದು ಮರಳಿ ತಂದರು. 2014ರ ಮೇ ತಿಂಗಳಲ್ಲಿ ವರದಿ ಪ್ರಕಟವಾಯಿತು. ಒಂದು ಕಾರು ಮಿತಿಯ 15ರಿಂದ 35 ಪಟ್ಟು, ಇನ್ನೊಂದು 5ರಿಂದ 20 ಪಟ್ಟು ಹೆಚ್ಚು ಆಕ್ಸೈಡುಗಳನ್ನು ಉಗುಳುತ್ತಿತ್ತು.

ಆ ವರದಿಯಲ್ಲಿನ ಒಂದು ಮಾತು ಗುಡ್ಡಗಾಡಿನವರ ಕಿವಿಗೆ ವಿಶೇಷವಾಗಿ ಬೀಳಬೇಕು. ಸಮತಟ್ಟಾದ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಮಾಲಿನ್ಯ ಅತಿ ಕಡಿಮೆಯಿದ್ದರೆ, ಹಳ್ಳಿಗಾಡಿನ ಏರಿಳಿತದ ದಾರಿಯಲ್ಲಿ ಅದು ಅತಿ ಹೆಚ್ಚಾಗಿತ್ತು. ಏರು ಹತ್ತುವ ಎಂಜಿನ್ನಿನ ಮೇಲೆ ಭಾರ ಹೆಚ್ಚು, ಒಳಗಿನ ಬಿಸಿಯೂ ಹೆಚ್ಚು. ಹೀಗಾಗಿ ಪರೀಕ್ಷೆಯ ಉರುಳೆಗಳ ಮೇಲೆ ಸಾಧುವಾಗಿ ಕಾಣುವ ವಾಹನ ಘಟ್ಟದ ತಿರುವಿನಲ್ಲಿ ಬೇರೆಯೇ ಪ್ರಾಣಿಯಾಗುತ್ತದೆ. ನಗರದ ಪ್ರಯೋಗಾಲಯದಲ್ಲಿ ಬರೆದುಕೊಟ್ಟ ಪ್ರಮಾಣಪತ್ರದಿಂದ ಬೆಟ್ಟದ ಗಾಳಿಯ ಸ್ಥಿತಿಯನ್ನು ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ವರದಿ ಬಂದ ಮೇಲೂ ಕಂಪನಿ ಸುಲಭವಾಗಿ ತಪ್ಪೊಪ್ಪಲಿಲ್ಲ. 2014ರ ಡಿಸೆಂಬರ್‌ನಲ್ಲಿ ಸುಮಾರು 5 ಲಕ್ಷ ಕಾರುಗಳನ್ನು ತಾನಾಗಿಯೇ ಹಿಂದಕ್ಕೆ ಕರೆಸಿಕೊಂಡು ತಂತ್ರಾಂಶವನ್ನು ಸರಿಪಡಿಸುವುದಾಗಿ ಹೇಳಿತು. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯವರು ಮರುವರ್ಷ ಮತ್ತೆ ಅಳೆದಾಗ ದೋಷ ಹಾಗೆಯೇ ಉಳಿದಿತ್ತು. 2016ರ ಮಾದರಿಗೆ ಅನುಮತಿಯನ್ನೇ ಕೊಡುವುದಿಲ್ಲವೆಂಬ ಸ್ಥಿತಿ ಬಂದಾಗಷ್ಟೇ ಸತ್ಯ ಹೊರಬಿತ್ತು. 'ಹಿಂದಕ್ಕೆ ಕರೆಸಿಕೊಂಡಿದ್ದೇವೆ' ಎಂಬ ಪ್ರಕಟಣೆಗೂ 'ಸರಿಪಡಿಸಿದ್ದೇವೆ' ಎಂಬ ವಾಸ್ತವಕ್ಕೂ ಎಷ್ಟು ಅಂತರವಿರಬಹುದು ಎಂಬುದನ್ನು ಇದರಿಂದ ತಿಳಿಯಬೇಕು.

ನ್ಯಾಯಾಲಯದ ಕರಾರು

2016ರ ಜೂನ್ 28ರಂದು 1,470 ಕೋಟಿ ಡಾಲರುಗಳ ಒಪ್ಪಂದ ಪ್ರಕಟವಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಅದೇ ಅಕ್ಟೋಬರ್ 25ರಂದು ಅದಕ್ಕೆ ಅಂತಿಮ ಒಪ್ಪಿಗೆ ನೀಡಿದರು. ಇದರಲ್ಲಿ 1,003 ಕೋಟಿ ಡಾಲರಿನವರೆಗಿನ ಹಣ ಸುಮಾರು 4.75 ಲಕ್ಷ ಕಾರುಗಳ ಮರುಖರೀದಿ ಮತ್ತು ಪರಿಹಾರಕ್ಕೆ, 270 ಕೋಟಿ ಡಾಲರು ಹೆಚ್ಚಾಗಿ ಹೊರಬಿದ್ದ ಮಾಲಿನ್ಯವನ್ನು ಬೇರೆಡೆ ತಗ್ಗಿಸುವ ನಿಧಿಗೆ, 200 ಕೋಟಿ ಡಾಲರು ವಿದ್ಯುತ್ ವಾಹನಗಳಿಗೆ ಬೇಕಾದ ವ್ಯವಸ್ಥೆಗೆ ಮೀಸಲಾಯಿತು. ದೊಡ್ಡದಾದ 3 ಲೀಟರ್ ಎಂಜಿನ್ನಿನ ಸುಮಾರು 80,000 ವಾಹನಗಳ ಒಪ್ಪಂದ ಬೇರೆಯಾಗಿ ನಡೆಯಿತು.

ಕಾರಿನ ಮಾಲೀಕರಿಗೆ ಎರಡು ದಾರಿಗಳಿದ್ದವು. ಒಂದು, ಹಗರಣ ಹೊರಬೀಳುವ ಮುನ್ನ ಇದ್ದ ಮಾರುಕಟ್ಟೆ ಬೆಲೆಗೆ ಕಾರನ್ನು ಕಂಪನಿಗೇ ಮರಳಿಸುವುದು. ಇನ್ನೊಂದು, ಸರ್ಕಾರ ಒಪ್ಪಿದ ದುರಸ್ತಿ ಮಾಡಿಸಿಕೊಂಡು ಇಟ್ಟುಕೊಳ್ಳುವುದು. ಯಾವುದನ್ನು ಆರಿಸಿದರೂ ಅದರ ಜೊತೆಗೆ 5,100ರಿಂದ 10,000 ಡಾಲರಿನವರೆಗೆ ಪರಿಹಾರ ಸಿಗುತ್ತಿತ್ತು. ಪರಿಹಾರ ಪಡೆದವರಲ್ಲಿ 100ಕ್ಕೆ 86ಕ್ಕೂ ಹೆಚ್ಚು ಮಂದಿ ಕಾರನ್ನು ಮರಳಿಸುವುದನ್ನೇ ಆರಿಸಿಕೊಂಡರು ಎಂದು ಅಮೆರಿಕದ ವಾಣಿಜ್ಯ ಆಯೋಗ 2020ರ ಜುಲೈನಲ್ಲಿ ವರದಿ ಮಾಡಿತು. ಗ್ರಾಹಕರ ಕೈಸೇರಿದ ಒಟ್ಟು ಹಣ 950 ಕೋಟಿ ಡಾಲರಿಗೂ ಹೆಚ್ಚು.

ಹಣದ ಮೊತ್ತಕ್ಕಿಂತ ನಮಗೆ ಮುಖ್ಯವಾದದ್ದು ಒಪ್ಪಂದದ ಮೂರು ಷರತ್ತುಗಳು. ಮೊದಲನೆಯದು, 2019ರ ಜೂನ್ 30ರೊಳಗೆ ನೂರರಲ್ಲಿ ಕನಿಷ್ಠ 85 ಕಾರುಗಳು ರಸ್ತೆಯಿಂದ ಹೊರಹೋಗಿರಬೇಕು ಅಥವಾ ದುರಸ್ತಿಯಾಗಿರಬೇಕು; ತಪ್ಪಿದರೆ ಕೊರತೆ ಬಿದ್ದ ಪ್ರತಿ ಶೇಕಡಾಂಶಕ್ಕೂ ಕಂಪನಿ ಹೆಚ್ಚುವರಿ ಹಣ ತೆರಬೇಕು. ಎರಡನೆಯದು, ಮರಳಿ ಬಂದ ಕಾರನ್ನು ಸರ್ಕಾರ ಒಪ್ಪಿದ ದುರಸ್ತಿಯಿಲ್ಲದೆ ಮರುಮಾರಾಟ ಮಾಡುವಂತಿಲ್ಲ, ಬೇರೆ ದೇಶಕ್ಕೆ ಸಾಗಿಸುವಂತೆಯೂ ಇಲ್ಲ. ಮೂರನೆಯದು, ದುರಸ್ತಿಯಾಗದ ಕಾರನ್ನು ಮತ್ತೆಂದೂ ಓಡದಂತೆ ಮಾಡಬೇಕು: ಎಂಜಿನ್ನಿನ ಮೈಗೆ 3 ಅಂಗುಲದ ತೂತು ಕೊರೆಯಬೇಕು. ಬಿಡಿಭಾಗಗಳನ್ನು ಮಾರಬಹುದಾದರೂ, ವಂಚನೆಯ ತಂತ್ರಾಂಶ ಅಡಗಿದ್ದ ನಿಯಂತ್ರಣ ಪೆಟ್ಟಿಗೆ ಮತ್ತೊಂದು ವಾಹನ ಸೇರುವಂತಿಲ್ಲ.

ಎರಡನೆಯ ಷರತ್ತನ್ನು ಓದುಗರು ಮತ್ತೊಮ್ಮೆ ಓದಬೇಕೆಂದು ಕೋರುತ್ತೇನೆ. ಅದೊಂದು ವಾಕ್ಯ ಇಲ್ಲದಿದ್ದರೆ ಲಕ್ಷಾಂತರ ಕಾರುಗಳು ಹಡಗು ಹತ್ತಿ, ಕಾನೂನು ಸಡಿಲವಾಗಿರುವ ಯಾವುದೋ ಬಡ ದೇಶದ ಬಂದರಿನಲ್ಲಿ ಇಳಿಯುತ್ತಿದ್ದವು. ಅಮೆರಿಕದ ಗಾಳಿ ಶುದ್ಧವಾಗುತ್ತಿತ್ತು, ಕಂಪನಿಯ ನಷ್ಟ ಕಡಿಮೆಯಾಗುತ್ತಿತ್ತು, ಹೊಗೆ ಮಾತ್ರ ಬೇರೆಯವರ ಪಾಲಿಗೆ ಬರುತ್ತಿತ್ತು.

ಮೂವತ್ತೇಳು ಬಯಲುಗಳು

ಹೀಗೆ ಮರಳಿ ಬಂದ ಕಾರುಗಳು ಎಲ್ಲಿಗೆ ಹೋದವು? 2018ರ ಮಾರ್ಚ್‌ನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ನ್ಯಾಯಾಲಯದ ದಾಖಲೆಗಳನ್ನು ಆಧರಿಸಿ ಇದಕ್ಕೆ ಉತ್ತರ ನೀಡಿತು. 2017ರ ಕೊನೆಯ ಹೊತ್ತಿಗೆ ಕಂಪನಿ 3,35,000 ಕಾರುಗಳನ್ನು ಮರಳಿ ಪಡೆದಿತ್ತು. ಅವುಗಳಲ್ಲಿ ಮರುಮಾರಾಟವಾದವು 13,000; ನಾಶಗೊಳಿಸಿದವು ಸುಮಾರು 28,000. ಉಳಿದ 2,94,000 ಕಾರುಗಳು ದೇಶದ 37 ಕಡೆಗಳಲ್ಲಿ ಸಾಲುಗಟ್ಟಿ ನಿಂತಿದ್ದವು. ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ಮುಚ್ಚಿಹೋದ ಫುಟ್‌ಬಾಲ್ ಕ್ರೀಡಾಂಗಣದ ಅಂಗಳ, ಮಿನೆಸೋಟಾದ ಹಳೆಯ ಕಾಗದದ ಗಿರಣಿ, ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಸಮೀಪದ ಮರುಭೂಮಿ ಇವುಗಳಲ್ಲಿ ಕೆಲವು. ವಿಕ್ಟರ್‌ವಿಲ್‌ನ ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾರುಗಳು ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯ ಹಾಗೆ ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿವೆ.

ಸ್ಥಳಗಳ ಈ ಪಟ್ಟಿಯಲ್ಲಿ ಒಂದು ನೀತಿಯಿದೆ. ಕಾರುಗಳು ನಿಂತದ್ದು ಶ್ರೀಮಂತರ ಬಡಾವಣೆಗಳಲ್ಲಲ್ಲ. ಉದ್ಯೋಗ ಕಳೆದುಕೊಂಡ ಊರುಗಳಲ್ಲಿ, ಮುಚ್ಚಿದ ಗಿರಣಿಗಳಲ್ಲಿ, ಯಾರೂ ಕೇಳದ ಬಯಲುಗಳಲ್ಲಿ. ಬಾಡಿಗೆಯ ಆಸೆ ಅಂಥ ಊರುಗಳಿಗೂ ಇರುತ್ತದೆ, ಅದನ್ನು ತಪ್ಪೆನ್ನಲಾಗದು. ಆದರೆ ಬಿಟ್ಟುಹೋದ ಸರಕು ಬಿಟ್ಟುಹೋದ ಊರನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬ ನಿಯಮ ಅಮೆರಿಕದಲ್ಲೂ ಒಂದೇ, ನಮ್ಮ ಸಹ್ಯಾದ್ರಿಯ ತಪ್ಪಲಿನಲ್ಲೂ ಒಂದೇ.

ಒಂದು ವಿಷಯವನ್ನು ಮಾತ್ರ ಮೆಚ್ಚಲೇಬೇಕು. ಎಷ್ಟು ಕಾರು ಬಂದವು, ಎಷ್ಟು ಹೋದವು, ಎಷ್ಟು ನಿಂತಿವೆ ಎಂಬುದನ್ನು ನಾವು ಇಲ್ಲಿ ಕುಳಿತು ಬರೆಯಲು ಸಾಧ್ಯವಾಗಿರುವುದು, ಕಾಲಕಾಲಕ್ಕೆ ಲೆಕ್ಕ ಒಪ್ಪಿಸಬೇಕೆಂದು ನ್ಯಾಯಾಲಯ ವಿಧಿಸಿದ್ದರಿಂದ. ಸಾರ್ವಜನಿಕವಾಗಿ ಲೆಕ್ಕ ಕೊಡಬೇಕೆಂಬ ನಿಯಮವಿಲ್ಲದಿದ್ದರೆ, ಕಂಪನಿ ಹೇಳಿದ್ದನ್ನೇ ನಂಬಬೇಕಾಗುತ್ತಿತ್ತು.

ಪುಡಿ ಮಾಡುವುದೋ, ದುರಸ್ತಿಯೋ?

ಕಂಪನಿಯ ಹೇಳಿಕೆಯ ಪ್ರಕಾರ ಆ ಕಾರುಗಳನ್ನು ತಾತ್ಕಾಲಿಕವಾಗಿ ಇರಿಸಿ, ನಿಯಮಿತವಾಗಿ ನೋಡಿಕೊಳ್ಳಲಾಗುತ್ತಿತ್ತು. 2017ರ ಜನವರಿಯಿಂದ ಮೊದಲ್ಗೊಂಡು ಒಂದೊಂದೇ ಮಾದರಿಯ ದುರಸ್ತಿಗೆ ಒಪ್ಪಿಗೆ ದೊರೆಯಿತು. ಕೆಲವು ಕಾರುಗಳಿಗೆ ತಂತ್ರಾಂಶದ ಬದಲಾವಣೆ ಸಾಕಾಯಿತು. ಕೆಲವುಗಳಿಗೆ ಹೊಗೆ ಶುದ್ಧಗೊಳಿಸುವ ಭಾಗಗಳನ್ನೇ ಬದಲಿಸಬೇಕಾಯಿತು. ಹೀಗೆ ದುರಸ್ತಿಯಾದ ಅನೇಕ ಕಾರುಗಳು ಮತ್ತೆ ಮಾರಾಟವಾಗಿ ರಸ್ತೆಗೆ ಮರಳಿದವು.

ಓಡುವ ಸ್ಥಿತಿಯ ಕಾರಿನ ಎಂಜಿನ್ನಿಗೆ ತೂತು ಕೊರೆಯುವುದು ಅನ್ಯಾಯವಲ್ಲವೇ ಎಂದು ಕೆಲವು ಓದುಗರಿಗೆ ಅನಿಸಬಹುದು. ಈ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಸುಮಾರು ಒಂದೂವರೆ ಟನ್ ತೂಕದ ಕಾರೊಂದರ ಹಿಂದೆ ಕಬ್ಬಿಣದ ಅದಿರಿನ ಗಣಿಯಿದೆ, ಕಲ್ಲಿದ್ದಲಿದೆ, ನೀರಿದೆ, ದುಡಿದವರ ಬೆವರಿದೆ. ಕುದುರೆಮುಖದ ಗಣಿಗಾರಿಕೆಯನ್ನು ಕಂಡ, ಅದರ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದ ಮಲೆನಾಡಿಗೆ ಉಕ್ಕಿನ ಬೆಲೆ ಏನೆಂದು ಹೇಳಿಕೊಡಬೇಕಾಗಿಲ್ಲ. ಕಾರನ್ನು ಒಡೆದಾಗ ಎಣ್ಣೆ, ಬ್ಯಾಟರಿ, ಟಯರುಗಳನ್ನು ತೆಗೆದು, ಉಳಿದ ದೇಹವನ್ನು ಪುಡಿಮಾಡುವ ಯಂತ್ರಕ್ಕೆ ಹಾಕುತ್ತಾರೆ. ಅಯಸ್ಕಾಂತ ಕಬ್ಬಿಣವನ್ನು ಬೇರ್ಪಡಿಸುತ್ತದೆ. ಆ ಕಬ್ಬಿಣ ಮತ್ತೆ ಕುಲುಮೆ ಸೇರುತ್ತದೆ. ಆದರೆ ಪ್ಲಾಸ್ಟಿಕ್, ರಬ್ಬರು, ಗಾಜು, ಆಸನದ ಸ್ಪಂಜು ಕಲೆತ ಪುಡಿ ಕಾರಿನ ತೂಕದ ಸುಮಾರು ಐದನೆಯ ಒಂದು ಭಾಗದಷ್ಟು ಉಳಿದು ಹೆಚ್ಚಾಗಿ ನೆಲದಡಿಗೆ ಹೋಗುತ್ತದೆ. ನಾಶವೆಂಬುದೂ ಪೂರ್ತಿ ನಾಶವಲ್ಲ.

ಹಾಗೆಂದು ದೋಷವುಳ್ಳ ಯಂತ್ರವನ್ನು ಹಾಗೆಯೇ ಓಡಿಸಬೇಕೇ? ಅಮೆರಿಕದಲ್ಲಿ ಮಾರಾಟವಾದ ಈ ಕಾರುಗಳ ಹೆಚ್ಚುವರಿ ಹೊಗೆಯಿಂದ 2008ರಿಂದ 2015ರ ನಡುವೆ ಸುಮಾರು 59 ಅಕಾಲ ಮರಣಗಳು ಸಂಭವಿಸಿರಬಹುದೆಂದು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರನ್ನೊಳಗೊಂಡ ಅಧ್ಯಯನವೊಂದು 2015ರಲ್ಲೇ ಅಂದಾಜಿಸಿತ್ತು. ಎಲ್ಲ ಬಗೆಯ ಡೀಸೆಲ್ ವಾಹನಗಳು ಮಿತಿಮೀರಿ ಉಗುಳಿದ ಆಕ್ಸೈಡುಗಳಿಗೂ 2015ರ ಒಂದೇ ವರ್ಷದ ಸುಮಾರು 38,000 ಅಕಾಲ ಮರಣಗಳಿಗೂ ಸಂಬಂಧವಿದೆಯೆಂದು 2017ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಹೇಳಿತು; ಅದರಲ್ಲಿ ಭಾರತವೂ ಸೇರಿದಂತೆ 11 ದೊಡ್ಡ ಮಾರುಕಟ್ಟೆಗಳ ಲೆಕ್ಕವಿದೆ. ಉಕ್ಕನ್ನು ಮತ್ತೆ ಕರಗಿಸಬಹುದು. ಶ್ವಾಸಕೋಶವನ್ನು ಮತ್ತೆ ಎರಕಹೊಯ್ಯಲಾಗದು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಆ ಒಪ್ಪಂದ ಹಿಡಿದ ಕ್ರಮ ಸರಿಯಾದದ್ದು: ಮೊದಲು ದುರಸ್ತಿ, ಅದು ಸಾಧ್ಯವಾಗದಿದ್ದರೆ ನಾಶ, ಎರಡರ ಖರ್ಚೂ ತಯಾರಕನದು. ಅದರಲ್ಲಿ ಕೊರತೆಗಳೂ ಇವೆ. ಹಳೆಯ ಮಾದರಿಯ ಕಾರುಗಳು ದುರಸ್ತಿಯ ನಂತರವೂ ಮೂಲ ಮಿತಿಯನ್ನು ಪೂರ್ತಿಯಾಗಿ ತಲುಪಲಿಲ್ಲ. ಮಾಲಿನ್ಯ ಬಹುಮಟ್ಟಿಗೆ ತಗ್ಗಿತೆಂದು ಸರ್ಕಾರ ಒಪ್ಪಿಕೊಂಡಿತು, ಉಳಿದ ಬಾಕಿಯನ್ನು 270 ಕೋಟಿ ಡಾಲರಿನ ನಿಧಿಯಿಂದ ಹಳೆಯ ಬಸ್ಸು ಲಾರಿಗಳನ್ನು ಬದಲಿಸಿ ತೀರಿಸುವ ದಾರಿ ಹಿಡಿಯಿತು. ಹೊಗೆ ಕುಡಿದ ಊರಿಗೂ ಹೊಸ ಬಸ್ಸು ಬಂದ ಊರಿಗೂ ಸಂಬಂಧವಿರಬೇಕೆಂದೇನೂ ಇಲ್ಲ. ಪರಿಹಾರದ ಹಣ ನಷ್ಟವಾದವನ ಮನೆಗೇ ತಲುಪಬೇಕೆಂಬ ತತ್ತ್ವ ಅಲ್ಲಿಯೂ ಅರ್ಧಕ್ಕೇ ನಿಂತಿತು.

ಒಂದೇ ಕಂಪನಿ, ಬೇರೆ ಬೇರೆ ನ್ಯಾಯ

ಅದೇ ಕಂಪನಿ, ಅದೇ ಬಗೆಯ ಎಂಜಿನ್, ಅದೇ ವಂಚನೆ. ಆದರೆ ಸಿಕ್ಕ ನ್ಯಾಯ ದೇಶದಿಂದ ದೇಶಕ್ಕೆ ಬೇರೆಯಾಯಿತು. ಯುರೋಪಿನಲ್ಲಿ ಅಮೆರಿಕದಂಥ ಸಾಮೂಹಿಕ ಮರುಖರೀದಿ ನಡೆಯಲಿಲ್ಲ. ಬಹುಪಾಲು ಕಾರುಗಳಿಗೆ ತಂತ್ರಾಂಶ ಬದಲಿಸಿ ಕಳುಹಿಸಿದರು. ಜರ್ಮನಿಯ ಗ್ರಾಹಕರು ವರ್ಷಗಳ ಕಾಲ ಹೋರಾಡಿದ ನಂತರ 2020ರಲ್ಲಿ ಸುಮಾರು 83 ಕೋಟಿ ಯೂರೋಗಳ ಒಪ್ಪಂದವಾಯಿತು. ಅದೇ ವರ್ಷದ ಮೇ 25ರಂದು ಜರ್ಮನಿಯ ಅತ್ಯುನ್ನತ ನ್ಯಾಯಾಲಯವು, ಓಡಿಸಿದ ದೂರದ ಮೊತ್ತವನ್ನು ಕಳೆದು ಕಾರಿನ ಬೆಲೆಯನ್ನು ಮರಳಿ ಪಡೆಯುವ ಹಕ್ಕು ಮಾಲೀಕನಿಗಿದೆ ಎಂದು ತೀರ್ಪಿತ್ತಿತು.

ಭಾರತದಲ್ಲಿ? 2015ರ ಡಿಸೆಂಬರ್‌ನಲ್ಲಿ ಕಂಪನಿ 3,23,700 ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಭಾರತೀಯ ವಾಹನ ಸಂಶೋಧನಾ ಸಂಘವು ರಸ್ತೆಯ ಮೇಲೆ ಅಳೆದಾಗ ಆಗಿನ ಭಾರತ್ ಸ್ಟೇಜ್ 4ರ ಮಿತಿಗಿಂತ 1.1ರಿಂದ 2.6 ಪಟ್ಟು ಹೆಚ್ಚು ಮಾಲಿನ್ಯ ಕಂಡುಬಂದಿತ್ತು. ಮಿತಿಯೇ ಸಡಿಲವಾಗಿದ್ದುದರಿಂದ ಮೀರಿದ ಪ್ರಮಾಣವೂ ಚಿಕ್ಕದಾಗಿ ಕಂಡಿತು ಎಂಬುದನ್ನು ಮರೆಯಬಾರದು. ಇಲ್ಲಿನ ಮಾಲೀಕರಿಗೆ ಮರುಖರೀದಿಯೂ ಇರಲಿಲ್ಲ, ಸಾವಿರಾರು ಡಾಲರುಗಳ ಪರಿಹಾರವೂ ಇರಲಿಲ್ಲ, ತಂತ್ರಾಂಶದ ಬದಲಾವಣೆಯಷ್ಟೇ. ಒಬ್ಬ ಶಾಲಾ ಶಿಕ್ಷಕಿ ಹಾಗೂ ಇತರ ಕೆಲವರು ಹೂಡಿದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಮಾರ್ಚ್ 7ರಂದು 500 ಕೋಟಿ ರೂಪಾಯಿ ದಂಡ ವಿಧಿಸಿತು. ಅದಕ್ಕೂ ಮುನ್ನ ಮಂಡಳಿಯ ತಜ್ಞರ ಸಮಿತಿ, ಈ ಕಾರುಗಳಿಂದ 2016ರಲ್ಲಿ ದೆಹಲಿಯಲ್ಲಿ ಸುಮಾರು 48 ಟನ್ ಆಕ್ಸೈಡುಗಳು ಸೇರಿದವೆಂದೂ ಆರೋಗ್ಯದ ಹಾನಿ 171 ಕೋಟಿ ರೂಪಾಯಿಗಳೆಂದೂ ಅಂದಾಜು ಮಾಡಿತ್ತು. 2019ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಮೇಲೆ ಬಲವಂತದ ಕ್ರಮ ಕೈಗೊಳ್ಳದಂತೆ ತಡೆ ನೀಡಿತು.

ಗಮನಿಸಿ: ದೆಹಲಿಯ ಲೆಕ್ಕವನ್ನಾದರೂ ಹಾಕಿದರು. ಇದೇ ಕಾರುಗಳು ಆಗುಂಬೆಯನ್ನೂ ಚಾರ್ಮಾಡಿಯನ್ನೂ ಏರಿದ್ದರ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಹಳೆಯ ವಾಹನಗಳು ಹರಿಯುವ ದಿಕ್ಕು

ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ. ಹಳೆಯ ವಾಹನಗಳು ಕಟ್ಟುನಿಟ್ಟಾದ ಕಾನೂನಿರುವ ಕಡೆಯಿಂದ ಸಡಿಲವಾದ ಕಾನೂನಿರುವ ಕಡೆಗೆ ಹರಿಯುತ್ತವೆ. 2015ರಿಂದ 2018ರವರೆಗೆ ಜಗತ್ತಿನಲ್ಲಿ 1 ಕೋಟಿ 40 ಲಕ್ಷ ಬಳಸಿದ ಲಘು ವಾಹನಗಳು ದೇಶದಿಂದ ದೇಶಕ್ಕೆ ರಫ್ತಾದವು; ಅವುಗಳಲ್ಲಿ ಸುಮಾರು 80 ಭಾಗ ಹೋದದ್ದು ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2020ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಆಫ್ರಿಕಾಕ್ಕೆ ಸಾಗುವ ಹಲವು ವಾಹನಗಳಿಂದ ಹೊಗೆ ಶುದ್ಧಗೊಳಿಸುವ ಭಾಗವನ್ನು ಅದರೊಳಗಿನ ಪ್ಲಾಟಿನಮ್ಮಿನಂಥ ಬೆಲೆಬಾಳುವ ಲೋಹಕ್ಕಾಗಿ ಮೊದಲೇ ಕಿತ್ತುಕೊಂಡಿರುತ್ತಾರೆ. ಲೋಹ ಶ್ರೀಮಂತ ದೇಶದಲ್ಲುಳಿಯುತ್ತದೆ, ಹೊಗೆ ಬಡ ದೇಶಕ್ಕೆ ಹೋಗುತ್ತದೆ.

ದೇಶದೊಳಗೂ ಇದೇ ಹರಿವಿದೆ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಕುರಿತು ನ್ಯಾಯಾಲಯಗಳ ಆದೇಶಗಳು 2015ರಿಂದ ಹಲವು ಬಾರಿ ಬದಲಾಗಿವೆ. ಆದರೆ ಅಲ್ಲಿ ಓಡಿಸಲಾಗದ ವಾಹನವನ್ನು ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಗಳಲ್ಲಿ ನೋಂದಾಯಿಸುವ ಪದ್ಧತಿ ಉದ್ದಕ್ಕೂ ನಡೆದುಬಂದಿದೆ. ನಮ್ಮ ಘಟ್ಟದ ಊರುಗಳಲ್ಲಿ ಅಡಿಕೆ, ಗೊಬ್ಬರ, ಕೂಲಿಯವರನ್ನು ಹೊತ್ತು ಏರುವ ಜೀಪು, ಪಿಕಪ್ಪುಗಳಲ್ಲಿ ಎರಡನೆಯ, ಮೂರನೆಯ ಕೈ ದಾಟಿ ಬಂದವು ಎಷ್ಟಿವೆ ಎಂಬುದು ಓದುಗರಿಗೇ ಗೊತ್ತು. ಅವುಗಳ ಮಾಲೀಕರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಬಸ್ಸು ಬಾರದ ಊರಿನಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು ಆ ಹಳೆಯ ಜೀಪೇ. ತಪ್ಪು ಜೀಪು ಕೊಂಡ ಬಡವನದಲ್ಲ. ಕೆಟ್ಟ ಯಂತ್ರವನ್ನು ಮಾರಿ, ಅದು ಕೈ ಬದಲಿಸಿದೊಡನೆ ತನಗೂ ಅದಕ್ಕೂ ಸಂಬಂಧವಿಲ್ಲವೆನ್ನುವ ತಯಾರಕನದು. ಅದಕ್ಕೆ ಅವಕಾಶ ಕೊಟ್ಟ ಕಾನೂನಿನದು.

ನಾವು ಕೇಳಬೇಕಾದದ್ದು

ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ನಿಯಮಗಳಲ್ಲಿ ಕೆಲವು ಒಳ್ಳೆಯ ಬದಲಾವಣೆಗಳಾಗಿವೆ. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ಜಾರಿಗೆ ಬಂದಿದೆ. 2023ರ ಏಪ್ರಿಲ್‌ನಿಂದ ಹೊಸ ಮಾದರಿಗಳನ್ನು ಪ್ರಯೋಗಾಲಯದಲ್ಲಷ್ಟೇ ಅಲ್ಲದೆ ರಸ್ತೆಯ ಮೇಲೂ ಪರೀಕ್ಷಿಸಬೇಕೆಂಬ ನಿಯಮವಿದೆ. 2021ರಲ್ಲಿ ಗುಜರಿ ಕೇಂದ್ರಗಳ ನೋಂದಣಿಯ ನಿಯಮಗಳು ಬಂದವು. 2025ರ ಏಪ್ರಿಲ್ 1ರಿಂದ ಜಾರಿಯಾದ, ಬಾಳಿಕೆ ಮುಗಿದ ವಾಹನಗಳ ನಿಯಮಗಳು ಆ ವಾಹನಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ. ಕಾಗದದ ಮೇಲಿನ ಈ ಮಾತುಗಳು ಘಟ್ಟ ಹತ್ತಿ ಬರಬೇಕಾದರೆ ನಾವು ಸುಮ್ಮನಿರಬಾರದು.

ಮೊದಲನೆಯದಾಗಿ, ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡಾಗಲೆಲ್ಲ ಎಷ್ಟು ಬಂದವು, ಎಷ್ಟು ಸರಿಯಾದವು, ಎಷ್ಟು ಹಾಗೆಯೇ ಉಳಿದವು ಎಂಬ ಲೆಕ್ಕ ಜಿಲ್ಲೆವಾರು ಪ್ರಕಟವಾಗಬೇಕು. ಅಮೆರಿಕದ ನ್ಯಾಯಾಲಯ ಕೇಳಿದ ಲೆಕ್ಕವನ್ನು ನಮ್ಮ ಸಾರಿಗೆ ಇಲಾಖೆ ಕೇಳಬಾರದೇಕೆ?

ಎರಡನೆಯದಾಗಿ, ದುರಸ್ತಿಯಾಗದ ವಾಹನ ಒಂದೂರಿನಿಂದ ಇನ್ನೊಂದೂರಿಗೆ ದಾಟಬಾರದು. ಒಂದು ನಗರದ ಗಾಳಿಗೆ ವಿಷವೆನಿಸಿದ ಹೊಗೆ ಇನ್ನೊಂದು ಊರಿನ ಗಾಳಿಗೆ ಅಮೃತವಾಗುವುದಿಲ್ಲ.

ಮೂರನೆಯದಾಗಿ, ಹೊಗೆ ತಪಾಸಣೆಯ ಚೀಟಿಯ ಅರ್ಥವೇನೆಂದು ಜನರಿಗೆ ತಿಳಿಯಬೇಕು. ಡೀಸೆಲ್ ವಾಹನಗಳಿಗೆ ಕೊಡುವ ಈ ಚೀಟಿ ಹೊಗೆಯ ದಟ್ಟತೆಯನ್ನಷ್ಟೇ ಅಳೆಯುತ್ತದೆ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಕಪ್ಪು ಹೊಗೆಯಿಲ್ಲದ ಮಾತ್ರಕ್ಕೆ ವಾಹನ ನಿರಪಾಯಕಾರಿಯಲ್ಲ. ಫೋಕ್ಸ್‌ವ್ಯಾಗನ್ ಕಾರುಗಳ ಹೊಗೆಯೂ ಕಣ್ಣಿಗೆ ಕಾಣುತ್ತಿರಲಿಲ್ಲ.

ನಾಲ್ಕನೆಯದಾಗಿ, ಜೀಪಿನ ಅನಿವಾರ್ಯತೆ ತಗ್ಗಬೇಕಾದರೆ ಬಸ್ಸು ಬರಬೇಕು. ಹಳೆಯ ವಾಹನ ಬಿಡಿ ಎಂದು ಹಳ್ಳಿಗನಿಗೆ ಹೇಳುವ ಸರ್ಕಾರ ಮೊದಲು ದಿನಕ್ಕೆರಡು ಬಾರಿಯಾದರೂ ಬಸ್ಸು ಕಳುಹಿಸಲಿ. ಮಾಲಿನ್ಯದ ದಂಡವಾಗಿ ವಸೂಲಾದ ಹಣಕ್ಕೆ ಇದಕ್ಕಿಂತ ಉತ್ತಮ ಬಳಕೆ ಇರಲಾರದು.

ವಿದ್ಯಾರ್ಥಿ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ಜಗತ್ತಿನ ಅತಿ ದೊಡ್ಡ ವಾಹನ ಕಂಪನಿಗಳಲ್ಲೊಂದನ್ನು ಮಣಿಸಿದ್ದು ಕೆಲವು ಯುವ ಸಂಶೋಧಕರು ಶ್ರದ್ಧೆಯಿಂದ ಮಾಡಿದ ಅಳತೆ. ಅವರು ಘೋಷಣೆ ಕೂಗಲಿಲ್ಲ, ಯಾರ ಮೇಲೂ ಮೊದಲೇ ಆರೋಪ ಹೊರಿಸಲಿಲ್ಲ. ಯಂತ್ರವನ್ನು ರಸ್ತೆಗೊಯ್ದು ಅಳೆದು, ಕಂಡದ್ದನ್ನು ಬರೆದರು. ನಮ್ಮ ಊರಿನ ಹಳ್ಳದ ನೀರನ್ನು, ಬೀಳುವ ಮಳೆಯನ್ನು, ಘಟ್ಟ ಏರುವ ವಾಹನಗಳ ಸಂಖ್ಯೆಯನ್ನು, ರಸ್ತೆಯಂಚಿನಲ್ಲಿ ನಿಂತು ತುಕ್ಕು ಹಿಡಿಯುತ್ತಿರುವ ವಾಹನಗಳನ್ನು ಎಣಿಸಿ ದಿನಚರಿಯಲ್ಲಿ ಬರೆದಿಡುವ ಕೆಲಸವನ್ನು ಯಾವ ಶಾಲೆಯಾದರೂ ಇಂದೇ ಆರಂಭಿಸಬಹುದು. ನಮ್ಮ ನೆಲಕ್ಕೆ ಏನು ಬಂದು ಬಿದ್ದಿದೆ ಎಂಬ ಲೆಕ್ಕ ನಮ್ಮ ಕೈಯಲ್ಲಿದ್ದರೆ ಮಾತ್ರ, ಅದನ್ನು ಮರಳಿ ಒಯ್ಯಿರೆಂದು ಕೇಳುವ ಹಕ್ಕಿಗೆ ಬಲ ಬರುತ್ತದೆ.